ಬಾಗಿಲು ಒಡೆಯುವ ಕಳ್ಳರಲ್ಲ, ಬಾಗಿಲು ತೆರೆಸುವ ಕಳ್ಳರು

ಹ್ಯಾಕಿಂಗ್ ಎಂಬ ಪದ ಕಿವಿಗೆ ಬಿದ್ದೊಡನೆ, ಕತ್ತಲ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಬ್ಯಾಂಕಿನ ಬೀಗ ಒಡೆಯುವ ಮಹಾ ಬುದ್ಧಿವಂತನೊಬ್ಬನ ಚಿತ್ರ ನಮ್ಮ ಮನಸ್ಸಿನಲ್ಲಿ ಮೂಡುತ್ತದೆ. ಅದು ಸಿನಿಮಾಗಳು ಕೊಟ್ಟ ಚಿತ್ರ. ಅಂತಹವರೂ ಇದ್ದಾರೆ, ನಿಜ. ಆದರೆ ನಮ್ಮ ಪಟ್ಟಣಗಳ ಸಾಮಾನ್ಯ ಕುಟುಂಬಗಳ ಉಳಿತಾಯವನ್ನು ದೋಚುತ್ತಿರುವವರು ಬಹುಪಾಲು ಅವರಲ್ಲ. ಇವರು ಬೀಗ ಒಡೆಯುವುದಿಲ್ಲ. ಬಾಗಿಲು ತಟ್ಟುತ್ತಾರೆ; ಸೌಜನ್ಯದಿಂದಲೋ ಗದರಿಸಿಯೋ ಮನೆಯವರ ಕೈಯಿಂದಲೇ ಬಾಗಿಲು ತೆರೆಸುತ್ತಾರೆ.

ಇದು ಬಡವರ ಮತ್ತು ಅಕ್ಷರಜ್ಞಾನ ಇಲ್ಲದವರ ಸಮಸ್ಯೆ ಎಂದು ಯಾರೂ ಭಾವಿಸಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಖಾತೆಯಿಂದ 8.1 ಕೋಟಿ ಡಾಲರ್ ಲೂಟಿಯಾಯಿತು. ಕಳ್ಳರು ಒಳನುಗ್ಗಿದ್ದು ಉದ್ಯೋಗದ ಅರ್ಜಿಯ ಸೋಗು ಹಾಕಿದ ಇಮೇಲ್‌ಗಳ ಮೂಲಕ ಎಂದು ಅಮೆರಿಕದ ತನಿಖೆ ಹೇಳಿತು. ಒಂದು ದೇಶದ ಖಜಾನೆಯ ಬಾಗಿಲನ್ನೇ ಹೀಗೆ ತೆರೆಸಬಹುದಾದರೆ ನಮ್ಮ ಮನೆಯ ಬಾಗಿಲು ಯಾವ ಲೆಕ್ಕ? ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ನೀಡಿದ ಮಾಹಿತಿಯ ಪ್ರಕಾರ, ಸೈಬರ್ ವಂಚನೆಯಿಂದ ದೇಶದ ಜನರು ಕಳೆದುಕೊಂಡದ್ದು 2023ರಲ್ಲಿ 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡವರ ಲೆಕ್ಕ ಯಾರ ಬಳಿಯೂ ಇಲ್ಲ.

ವಿಧಾನಗಳನ್ನು ಒಂದೊಂದಾಗಿ ನೋಡೋಣ. ವಾಟ್ಸ್‌ಆ್ಯಪ್‌ಗೆ ಮದುವೆಯ ಆಮಂತ್ರಣ ಬರುತ್ತದೆ. ಮದುವೆಯ ಋತುವಿನಲ್ಲಿ ಯಾರು ತಾನೇ ಸಂಶಯಪಡುತ್ತಾರೆ? ಆದರೆ ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರವಿರುವ ಒಂದು ಆ್ಯಪ್. ಒತ್ತಿ ಅನುಮತಿ ಕೊಟ್ಟರೆ ಸಾಕು, ಫೋನಿಗೆ ಬರುವ ಸಂದೇಶಗಳನ್ನು, ಅವುಗಳಲ್ಲಿರುವ ಒಟಿಪಿಯನ್ನು ಅದು ಕದ್ದು ಬೇರೆಡೆಗೆ ಕಳುಹಿಸುತ್ತದೆ. ಸಂಚಾರ ನಿಯಮ ಉಲ್ಲಂಘನೆಯ ದಂಡದ ಚಲನ್, ಬ್ಯಾಂಕಿನ ಕೆವೈಸಿ ಇವೆಲ್ಲದರ ಹೆಸರಿನಲ್ಲೂ ಇದೇ ಬಲೆ ಬೀಸಲಾಗುತ್ತಿದೆ. ಇನ್ನೊಬ್ಬ ಕರೆ ಮಾಡಿ, 'ನಿಮಗೆ ಹಣ ಬರಬೇಕಿದೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎನ್ನುತ್ತಾನೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು ಎಂಬ ಒಂದು ಸಣ್ಣ ಸತ್ಯ ತಿಳಿದಿದ್ದರೆ ಈ ಮೋಸ ಅಲ್ಲಿಗೇ ಮುಗಿಯುತ್ತದೆ. ಮತ್ತೊಬ್ಬ ಸಹಾಯ ಮಾಡುವ ನೆಪದಲ್ಲಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿ, ನಾವು ಒತ್ತುವ ಪ್ರತಿಯೊಂದು ಅಂಕೆಯನ್ನೂ ದೂರದಿಂದಲೇ ಓದುತ್ತಾನೆ. ಪರಿಚಿತರ ಸಂಖ್ಯೆಯಿಂದಲೇ, 'ತಪ್ಪಿ ನಿಮಗೆ ಆರಂಕಿಯ ಕೋಡ್ ಬಂದಿದೆ, ಕಳುಹಿಸಿ' ಎಂಬ ಸಂದೇಶ ಬರುತ್ತದೆ. ಕಳುಹಿಸಿದರೆ ನಮ್ಮ ವಾಟ್ಸ್‌ಆ್ಯಪ್ ಅವನ ಕೈಗೆ ಹೋಗುತ್ತದೆ. ಅದರಿಂದ ನಮ್ಮ ಬಂಧುಗಳಿಗೆಲ್ಲ, 'ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು' ಎಂಬ ಮೊರೆ ಹೋಗುತ್ತದೆ.

ಇವೆಲ್ಲದರಲ್ಲಿ ಕಂಪ್ಯೂಟರಿನ ಪಾತ್ರ ಅಲ್ಪ. ಆಸೆ, ಆತುರ, ಭಯ, ವಿಶ್ವಾಸ - ಇವೇ ವಂಚಕನ ನಿಜವಾದ ಆಯುಧಗಳು. ಇವುಗಳಲ್ಲಿ ಅತ್ಯಂತ ಕ್ರೂರವಾದುದು ಭಯ. 'ಡಿಜಿಟಲ್ ಅರೆಸ್ಟ್' ಎಂಬ ನಾಟಕ ನಿಂತಿರುವುದೇ ಅದರ ಮೇಲೆ. ಸಮವಸ್ತ್ರ ಧರಿಸಿದ ವ್ಯಕ್ತಿ ವೀಡಿಯೊ ಕರೆಯಲ್ಲಿ ಪ್ರತ್ಯಕ್ಷನಾಗುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಲಾಗಿದೆ, ಕ್ಯಾಮರಾ ಬಿಟ್ಟು ಕದಲಬೇಡಿ, ಯಾರಿಗೂ ಹೇಳಬೇಡಿ ಎಂದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿದಿಟ್ಟು ಜೀವಮಾನದ ಗಳಿಕೆಯನ್ನು ವರ್ಗಾಯಿಸಿಕೊಳ್ಳುತ್ತಾನೆ. ಇಂತಹ ಬಂಧನಕ್ಕೆ ಈ ದೇಶದ ಯಾವ ಕಾನೂನಿನಲ್ಲೂ ಅವಕಾಶವಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ತಮ್ಮ ರೇಡಿಯೊ ಭಾಷಣದಲ್ಲಿ ಇದನ್ನು ಸ್ಪಷ್ಟಪಡಿಸಿದರು. 2025ರ ಡಿಸೆಂಬರ್ 1ರಂದು ಸುಪ್ರೀಮ್ ಕೋರ್ಟ್ ಈ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು.

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಹೇಳಲೇಬೇಕು. ತನಿಖಾ ಸಂಸ್ಥೆಯೊಂದರ ಹೆಸರು ಕೇಳಿದೊಡನೆ ನಮ್ಮ ಮನೆಗಳಲ್ಲಿ ಹುಟ್ಟುವ ನಡುಕ ಇತರರಿಗಿಂತ ಹೆಚ್ಚಿನದು. ನಿರಪರಾಧಿಗಳು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತು ಬಿಡುಗಡೆಯಾದ ಕತೆಗಳನ್ನು ಕೇಳಿ ಬೆಳೆದ ಸಮುದಾಯ ಇದು. ವಂಚಕನಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇರೇನು ಬೇಕು? ಭಯದ ಕಾರಣ ಸುಳ್ಳಲ್ಲದಿರಬಹುದು. ಆದರೆ ಆ ಕರೆ ಮಾತ್ರ ಸುಳ್ಳು. ನಿಜವಾದ ಪೊಲೀಸ್ ವೀಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ವಿಚಾರಣೆಯ ಹೆಸರಿನಲ್ಲಿ ಹಣ ವರ್ಗಾಯಿಸಲು ಹೇಳುವುದಿಲ್ಲ. 'ಯಾರಿಗೂ ಹೇಳಬೇಡಿ' ಎಂಬ ಮಾತೇ ವಂಚನೆಯ ಮುದ್ರೆ. ಆ ಮಾತು ಕೇಳಿದ ಕ್ಷಣದಲ್ಲೇ ಕರೆ ಕಡಿದು ಮನೆಯವರಿಗೆ ಹೇಳಬೇಕು. ಬಂದ ಸುದ್ದಿಯನ್ನು ಪರಿಶೀಲಿಸಿಯೇ ಮುಂದಡಿ ಇಡಬೇಕೆಂದು ಕಲಿಸಲಾದವರು ನಾವು. ಆ ಪಾಠ ಫೋನಿನಲ್ಲಿ ಬರುವ ಸುದ್ದಿಗೂ ಅನ್ವಯಿಸುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಹೇಳುವ ವಾತಾವರಣ ಇದೆಯೇ? ಪ್ರಶ್ನೆ ಇರುವುದು ಇಲ್ಲಿಯೇ. ಹಣ ಕಳೆದುಕೊಂಡ ವೃದ್ಧ ತಂದೆ ಮಕ್ಕಳ ಗದರಿಕೆಗೆ ಅಂಜಿ ಮೌನವಾಗುತ್ತಾರೆ. ಗಲ್ಫ್‌ನಲ್ಲಿರುವ ಗಂಡ ಕಳುಹಿಸಿದ ಹಣ ಹೋಯಿತೆಂದು ಹೇಳಲು ಹೆಂಡತಿ ಹೆದರುತ್ತಾಳೆ. ಫೋಟೊ ತಿರುಚಿ ಬೆದರಿಸುವವನಿಗಿಂತ ತಂದೆಯ ಕೋಪಕ್ಕೇ ಮಗಳು ಹೆಚ್ಚು ಅಂಜುತ್ತಾಳೆ. ವಿಷಯ ತಿಳಿದಾಗ ನಾವು ಮಾಡುವ ಮೊದಲ ಕೆಲಸ ಅವಳ ಫೋನ್ ಕಿತ್ತುಕೊಳ್ಳುವುದು. ಶಿಕ್ಷೆ ಅಪರಾಧಿಗಲ್ಲ, ಸಂತ್ರಸ್ತೆಗೆ. 2021ರ ಜುಲೈಯಲ್ಲಿ, ಮತ್ತೆ 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಫೋಟೊಗಳನ್ನು ಕದ್ದು ಆ್ಯಪ್‌ಗಳಲ್ಲಿ 'ಹರಾಜಿ'ಗಿಟ್ಟ ನೀಚ ಕೃತ್ಯ ನಡೆಯಿತು. ಆಗ ಆ ಮಹಿಳೆಯರು ಮೌನವಾಗಿ ಕುಳಿತಿರಲಿಲ್ಲ. ತಮ್ಮ ಹೆಸರಿನಲ್ಲೇ ಪೊಲೀಸರಿಗೆ ದೂರು ಕೊಟ್ಟರು, ಆರೋಪಿಗಳ ಬಂಧನವಾಯಿತು. ನಾಚಬೇಕಾದವರು ಯಾರೆಂಬುದನ್ನು ಅವರು ಸಮಾಜಕ್ಕೆ ತೋರಿಸಿಕೊಟ್ಟರು.

ಮೌನಕ್ಕೆ ತೆರುವ ಬೆಲೆ ಹಣದ್ದೂ ಹೌದು. ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಬೇಗನೆ ಕರೆ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ಹಾರಿ ಮಾಯವಾಗುವ ಮುನ್ನ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸಾಧ್ಯವಾಗುತ್ತದೆ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕ ನಷ್ಟ ಭರಿಸಬೇಕಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈಯ ಸುತ್ತೋಲೆಯಲ್ಲಿ ಹೇಳಿತು. ಗ್ರಾಹಕನೇ ಒಟಿಪಿ ಕೊಟ್ಟು ಎಡವಿದ್ದರೂ, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದೂ ಅದರಲ್ಲಿತ್ತು. ಹಾಗಾಗಿ ಮೊದಲ ಒಂದು ಗಂಟೆ ಅಳುವುದಕ್ಕಲ್ಲ, ಬೈಯುವುದಕ್ಕೂ ಅಲ್ಲ, ದೂರು ಕೊಡುವುದಕ್ಕೆ.

ಇನ್ನು ನಮ್ಮ ಯುವಕರ ಬಗ್ಗೆ. ಕದ್ದ ಹಣ ಸಾಗಲು ಖಾತೆಗಳು ಬೇಕು. ಕೆಲವು ಸಾವಿರ ರೂಪಾಯಿಯ ಆಸೆಗೆ ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್‌ಗಳನ್ನು ಗೆಳೆಯನ ಗೆಳೆಯನಿಗೆ ಬಾಡಿಗೆಗೆ ಕೊಡುವ ಯುವಕ, ತಾನೇನೂ ಕದ್ದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಯಾವುದೋ ವಿಧವೆಯ ಕಣ್ಣೀರು ಆ ಖಾತೆಯ ಮೂಲಕ ಹರಿದುಹೋಗಿರುತ್ತದೆ. ಪೊಲೀಸರು ಮೊದಲು ಬಂದು ನಿಲ್ಲುವುದೂ ಅವನ ಮನೆ ಬಾಗಿಲಲ್ಲೇ. ಆ ಕಮಿಷನ್ ಹಲಾಲ್ ಅಲ್ಲ ಎಂಬುದನ್ನು ಹೇಳಲು ಫತ್ವಾ ಬೇಕಾಗಿಲ್ಲ. ವಿದೇಶದಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೋಗುವವರೂ ಎಚ್ಚರವಾಗಿರಬೇಕು. ಮ್ಯಾನ್ಮಾರ್‌ನ ವಂಚನಾ ಕೇಂದ್ರಗಳಲ್ಲಿ ಸಿಲುಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಮರಳಿ ಕರೆತರಬೇಕಾಯಿತು.

ಹೊಣೆಯನ್ನೆಲ್ಲ ಜನರ ತಲೆಗೆ ಕಟ್ಟಿ ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ. ಪಡಿತರದಿಂದ ಪಿಂಚಣಿಯವರೆಗೆ ಎಲ್ಲವನ್ನೂ ಫೋನಿಗೆ, ಆಧಾರ್‌ಗೆ ಜೋಡಿಸಿದ್ದು ಜನರಲ್ಲ. ವಂಚಕನಿಗೆ ನಮ್ಮ ಹೆಸರು, ವಿಳಾಸ, ಬ್ಯಾಂಕ್ ಯಾವುದೆಂಬುದು ಮೊದಲೇ ತಿಳಿದಿರುತ್ತದೆಂದಾದರೆ ಅದು ಎಲ್ಲಿಂದಲೋ ಸೋರಿರಲೇಬೇಕಲ್ಲವೇ? ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆ 2023ರ ಆಗಸ್ಟ್‌ನಲ್ಲಿ ಅಂಗೀಕಾರವಾದರೂ ಅದರ ನಿಯಮಗಳು ಹೊರಬರಲು 2025ರ ನವೆಂಬರ್ ಆಗಬೇಕಾಯಿತು. ಜನರನ್ನು ಡಿಜಿಟಲ್ ಮಾರುಕಟ್ಟೆಗೆ ತಳ್ಳುವಾಗ ಇದ್ದ ಅವಸರ ಅವರನ್ನು ರಕ್ಷಿಸುವಾಗ ಯಾಕಿಲ್ಲ?

ಸರಕಾರ ಎಚ್ಚರಗೊಳ್ಳುವವರೆಗೆ ನಾವು ಕಾದು ಕೂರಬೇಕಾಗಿಲ್ಲ. ಒಟಿಪಿ, ಪಿನ್ ಯಾರಿಗೂ ಕೊಡದಿರುವುದು, ಅಪರಿಚಿತ ಫೈಲ್ ಒತ್ತದಿರುವುದು, ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡದಿರುವುದು, ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಭದ್ರತೆ ಹಾಕುವುದು, ಹಣ ಕೇಳಿದ ಬಂಧುವಿಗೆ ನೇರ ಕರೆ ಮಾಡಿ ಧ್ವನಿ ಕೇಳುವುದು - ಇಷ್ಟಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಜಮಾಅತ್ ಸಮಿತಿಗಳು ವರ್ಷಕ್ಕೊಮ್ಮೆಯಾದರೂ ಜಿಲ್ಲೆಯ ಸೆನ್ ಠಾಣೆಯ ಅಧಿಕಾರಿಯನ್ನು ಕರೆಸಿ ಮಾತನಾಡಿಸಲಿ; ಮಹಿಳೆಯರೂ ಅಲ್ಲಿ ಕುಳಿತು ಪ್ರಶ್ನೆ ಕೇಳುವಂತಾಗಲಿ. ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್‌ನ ಸಮಯದ ಪಕ್ಕದಲ್ಲಿ 1930 ಎಂಬ ಸಂಖ್ಯೆಗೂ ಜಾಗವಿರಲಿ.

ಎಲ್ಲಕ್ಕಿಂತ ಮೊದಲು ಇಂದು ರಾತ್ರಿ ಊಟದ ಹೊತ್ತಿಗೆ ಮನೆಯವರೆಲ್ಲರ ಮುಂದೆ ಒಂದು ಮಾತು ಹೇಳೋಣ: 'ಏನೇ ಆಗಿರಲಿ, ಮೊದಲು ನಮಗೆ ಹೇಳಿ, ಯಾರೂ ಬೈಯುವುದಿಲ್ಲ.' ಯಾವ ಹ್ಯಾಕರನೂ ಒಡೆಯಲಾಗದ ಬೀಗ ಅದೊಂದೇ.