ಒಡಲು ಮೊದಲು, ತಲೆಕಟ್ಟು ಆಮೇಲೆ

ತೆಲಂಗಾಣದ ತಾಂಡೂರಿನ ಕನ್ನಡ ಮನೆಯ ಮಗು ‘ಸೂರ್ಯ’ ಎಂದು ಬರೆಯಬೇಕಾದಾಗ ಕೈ ಎರಡು ದಾರಿ ಕಲಿತಿರಬೇಕು. ತೆಲುಗಿನಲ್ಲಿ ರಕಾರ ಬರೆದು ಅದರಡಿ ಯಕಾರದ ಒತ್ತು ಕೊಡುತ್ತಾರೆ. ಕನ್ನಡದಲ್ಲಿ ಯಕಾರ ಮೊದಲು ಬರುತ್ತದೆ. ನಾಲಿಗೆ ಅದಕ್ಕೂ ಮುಂಚೆ ನುಡಿದ ರೇಫ ಅರ್ಕಾವೊತ್ತಾಗಿ ಹಿಂದೆ ಬರುತ್ತದೆ. ಇದನ್ನು ಯಾರೂ ಬಿಡಿಸಿ ಹೇಳದೆ ಮಗು ‘ಸೂಯರ್’ ಎಂದು ಓದಿದರೆ ತಪ್ಪು ಮಗುವಿನದಲ್ಲ.

ತಾಂಡೂರು 1956ರ ನವೆಂಬರ್ 1ರವರೆಗೆ ಗುಲ್ಬರ್ಗ ಜಿಲ್ಲೆಯ ತಾಲ್ಲೂಕು. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು. ಅಂದಿನ ಭಾಷಾವಾರು ವಿಂಗಡಣೆಯಲ್ಲಿ ರಾಜ್ಯ ಬದಲಾದರೂ ಕನ್ನಡ ಮಾತಾಡುವ ಮನೆಗಳು ಅಲ್ಲೇ ಉಳಿದವು. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಕನ್ನಡವನ್ನೂ ಓದಿಸಬೇಕೆನ್ನುವ ಮನೆಯ ಮಗುವಿಗೆ, ಹೀಗಾಗಿ, ಕದಂಬ ಲಿಪಿಯ ಬಳ್ಳಿಯಲ್ಲೇ ಹುಟ್ಟಿದ ಎರಡು ಲಿಪಿಗಳು ಎಳವೆಯಲ್ಲೇ ಎದುರಾಗುತ್ತವೆ. ರ, ಲ, ಜ, ಬ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕ, ತ, ಶ ದೂರ ಸರಿದಿವೆ. ಕನ್ನಡದ ತಲೆಕಟ್ಟು ಅಡ್ಡಕ್ಕೆ ಹರಿದರೆ, ತೆಲುಗಿನದು ಲೆಕ್ಕದ ಮೇಷ್ಟ್ರು ಹಾಕುವ ‘ರೈಟ್’ ಗುರುತಿನಂತಿದೆ. ಮುಗಿದ ಅಕ್ಷರವನ್ನಷ್ಟೇ ನೋಡಿ ನಕಲು ಮಾಡುವ ಮಗುವಿಗೆ ಇವು ಕಲಸುಮೇಲೋಗರವಾಗುವುದು ಸಹಜ.

ಚೀನಾ, ಜಪಾನ್‌ಗಳಲ್ಲಿ ಅಕ್ಷರದ ಗೆರೆಗಳನ್ನು ಎಳೆಯುವ ಕ್ರಮವನ್ನು ಮಗುವಿನ ಊಹೆಗೆ ಬಿಡುವುದಿಲ್ಲ. ಮೇಲಿನ ಗೆರೆ ಮುಗಿಸಿ ಕೆಳಗಿನದು, ಎಡದ್ದು ಮುಗಿಸಿ ಬಲದ್ದು. ಚೌಕದೊಳಗೆ ಏನಾದರೂ ಬರೆಯುವುದಿದ್ದರೆ ಅದನ್ನು ಬರೆದ ಮೇಲೆಯೇ ತಳದ ಗೆರೆ ಎಳೆದು ಮುಚ್ಚುವುದು. ಜಪಾನಿನ ಶಿಕ್ಷಣ ಸಚಿವಾಲಯ 1958ರಲ್ಲಿ ಇದಕ್ಕೊಂದು ಕೈಪಿಡಿ ಹೊರಡಿಸಿತು. ಚೀನಾ 1997ರಲ್ಲಿ 7000 ಅಕ್ಷರಗಳ ಗೆರೆಕ್ರಮವನ್ನು ಗೊತ್ತುಮಾಡಿತು. ಎರಡೂ ಕಡೆಯ ಕ್ರಮ ಪೂರ್ತಿ ಒಂದೇ ಅಲ್ಲ ಎಂಬುದು ಗಮನಿಸಬೇಕಾದ ಸಂಗತಿ. ‘ಬಲಗಡೆ’ಯನ್ನು ಸೂಚಿಸುವ ಒಂದೇ ಅಕ್ಷರವನ್ನು ಚೀನಾದ ಮಗು ಅಡ್ಡಗೆರೆಯಿಂದ ಶುರು ಮಾಡುತ್ತದೆ, ಜಪಾನಿನ ಮಗು ಎಡಕ್ಕಿಳಿಯುವ ಓರೆಗೆರೆಯಿಂದ. ಕ್ರಮ ಆಕಾಶದಿಂದ ಇಳಿದದ್ದಲ್ಲ. ಒಂದನ್ನು ಆರಿಸಿಕೊಂಡು ಎಲ್ಲ ಮಕ್ಕಳಿಗೂ ಅದನ್ನೇ ಕಲಿಸುತ್ತಾರೆ, ಅಷ್ಟೇ.

ಕನ್ನಡಕ್ಕೆ ಇದೆಲ್ಲ ಏಕೆ, ಅಲ್ಲಿಯಂತೆ ಸಾವಿರಾರು ಅಕ್ಷರಗಳು ನಮ್ಮಲ್ಲಿಲ್ಲವಲ್ಲ ಎನ್ನುವವರಿದ್ದಾರೆ. ಅವರು ಕಾಗುಣಿತವನ್ನು ಮರೆತಿದ್ದಾರೆ. ಗ, ಗಿ, ಗೆ, ಗೌ ಬರೆದು ನೋಡಲಿ. ಒಡಲು ಹಾಗೇ ಇದೆ, ಬದಲಾಗಿದ್ದು ನೆತ್ತಿ ಮಾತ್ರ. ತಲೆಕಟ್ಟಿದ್ದ ಜಾಗಕ್ಕೆ ಗುಡಿಸು ಬಂತು, ಏತ್ವ ಬಂತು, ಔತ್ವ ಬಂತು. ಒಡಲು ಮೊದಲು, ತಲೆಕಟ್ಟು ಆಮೇಲೆ ಎಂದು ಕೈ ಪಳಗಿದ್ದರೆ ಈ ಸಾಲು ಸಲೀಸು. ತಲೆಕಟ್ಟಿನಿಂದಲೇ ಆರಂಭಿಸಿದ ಮಗು ‘ಗಿ’ ಬರೆಯಬೇಕಾದಾಗ, ಆಗಲೇ ಹಾಕಿದ್ದನ್ನು ಸ್ಲೇಟಿನ ಮೇಲೆ ಬೆರಳಾಡಿಸಿ ಅಳಿಸಬೇಕಾಗುತ್ತದೆ. ದ ಬರೆದು ಒಡಲು ಸೀಳಿ ಧ ಮಾಡುವಾಗಲೂ ಕ್ರಮದ ಪ್ರಯೋಜನ ಇಂಥದ್ದೇ. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಮಾತ್ರ ಗೆರೆಯ ದಿಕ್ಕಿನಲ್ಲಿ ಸಡಿಲು ಬಿಡಲೇಬೇಕು. ಅವರ ಕೈ ತಿರುಚಿ ಕಲಿಸುವುದು ಕ್ರೌರ್ಯ.

ಗೆರೆಗಳಿಗಲ್ಲದಿದ್ದರೂ ಅಕ್ಷರಗಳಿಗೆ ಕಲಿಕೆಯ ಕ್ರಮವೊಂದನ್ನು ಆರಿಸಿಕೊಳ್ಳುವ ಪ್ರಯೋಗ ಕರ್ನಾಟಕದಲ್ಲಿ ಆಗಲೇ ನಡೆದಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ‘ಅ ಆ ಇ ಈ’ ಸರದಿಯನ್ನು ಬದಿಗಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸಿತು. ಈ ಐದೇ ಅಕ್ಷರಗಳಲ್ಲಿ ಸರ, ಅಗಸ, ಅರಸ, ಗರಗಸ ಎಲ್ಲವನ್ನೂ ಮಗು ಓದಬಲ್ಲದು, ಬರೆಯಬಲ್ಲದು. ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ.

ತಾಂಡೂರಿನ ತರಗತಿಗೆ ಇದೇ ದಾರಿಯಲ್ಲಿ ಬೇರೊಂದು ಸರದಿ ಹೊಂದುತ್ತದೆ. ಎರಡು ಲಿಪಿಗಳಿಗೂ ಸಾಮಾನ್ಯವಾದ ಅಕ್ಷರಗಳಿಂದ ಆರಂಭಿಸಿದರೆ ಜಲ, ಬಲ ಎಂಬ ಪದಗಳನ್ನು ಮಗು ಒಂದೇ ಕೈಚಲನೆಯಲ್ಲಿ ಎರಡು ಲಿಪಿಗಳಲ್ಲೂ ಬರೆದಂತಾಗುತ್ತದೆ. ತಲೆಕಟ್ಟಿನ ಭೇದ ಆಮೇಲೆ ಬರಲಿ. ಕ, ತ, ಶ ಕೊನೆಯಲ್ಲಿ, ಎರಡೂ ರೂಪ ಅಕ್ಕಪಕ್ಕ, ಬಾಣದ ಗುರುತುಗಳ ಸಮೇತ. ಇಂಥ ಒಂದು ತೆಳು ಪುಸ್ತಕಕ್ಕೆ ಹೆಚ್ಚು ಖರ್ಚಿಲ್ಲ. ನಲಿ-ಕಲಿ ಬಲ್ಲ ಸೇಡಂ, ಚಿಂಚೋಳಿಯ ಶಿಕ್ಷಕರು ಗಡಿಯಾಚೆ ಹತ್ತಿರದಲ್ಲೇ ಇದ್ದಾರೆ. ಪುಸ್ತಕ ಬರುವವರೆಗೂ ಮೇಷ್ಟ್ರು ಒಂದು ಕೆಲಸ ಮಾಡಬಹುದು: ಬರೆದು ಮುಗಿಸಿದ ಕಾಪಿಗೆ ಸಹಿ ಹಾಕುವ ಮೊದಲು, ಮಗು ಬರೆಯುತ್ತಿರುವಾಗಲೇ ಪಕ್ಕದಲ್ಲಿ ಕೂತು ಅದರ ಕೈ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವುದು.