ಹಳೆಯ ಕಾರಿನ ಕೀರಲು ದನಿ

ಬೆಳಗಿನ ಐದೂವರೆ ಗಂಟೆ. ಬಸವನಗುಡಿಯ ಒಂದು ಬೀದಿಯಲ್ಲಿ ಯಜಮಾನರು ತಮ್ಮ ತಂದೆಯವರಿಂದ ಬಂದ 1972ರ ಅಂಬಾಸಡರ್ ಕಾರನ್ನು ಚಾಲೂ ಮಾಡುತ್ತಾರೆ. ಒಡನೆಯೇ ಬಾನೆಟ್ಟಿನ ಒಳಗಿನಿಂದ, ಯಾರೋ ಬೆಕ್ಕಿನ ಬಾಲವನ್ನು ತುಳಿದಂತೆ, ಕೀರಲು ದನಿಯೊಂದು ಹೊರಡುತ್ತದೆ. ಎದುರುಮನೆಯ ಕಿಟಕಿ ತೆರೆಯುತ್ತದೆ. ಅರ್ಧ ನಿಮಿಷದಲ್ಲಿ ದನಿ ಅಡಗುತ್ತದೆ. ಯಜಮಾನರ ಸಂಕೋಚ ಮಾತ್ರ ಅಡಗುವುದಿಲ್ಲ. ಮುಂದಿನ ವಾರವೇ ಸಂಸಾರಸಮೇತರಾಗಿ ಚಾರ್ಮಾಡಿ ಘಟ್ಟವಿಳಿದು ಧರ್ಮಸ್ಥಳಕ್ಕೆ ಹೋಗಿಬರುವ ಏರ್ಪಾಡು. ಈ ದನಿಯನ್ನು ನಂಬಿ ಹೊರಡಬಹುದೆ?

ಸಲಹೆಗೆ ಕೊರತೆಯಿರಲಿಲ್ಲ. ಒಬ್ಬ ರಿಪೇರಿಗಾರ ಬೆಲ್ಟಿಗೆ ಸಾಬೂನು ಉಜ್ಜಿ ಕಳುಹಿಸಿದ. ಎರಡು ದಿನ ಸುಮ್ಮನಿದ್ದ ಕಾರು ಮೂರನೆಯ ದಿನ ಮತ್ತೆ ಕೂಗಿತು. ಇನ್ನೊಬ್ಬ ಎಂಜಿನನ್ನೇ ಬಿಚ್ಚಬೇಕೆಂದ. ಭಾವಮೈದುನರ ಸಲಹೆ ಕಾರನ್ನು ಮಾರಿಬಿಡುವುದು. ಈ ಮೂವರಲ್ಲಿ ಒಬ್ಬರೂ ಕೇಳದ ಪ್ರಶ್ನೆಯೊಂದಿತ್ತು: ದನಿ ಯಾವಾಗ ಬರುತ್ತದೆ?

ಕೀರಲು ದನಿ ಎಲ್ಲಿಂದ ಬರುತ್ತದೆಂದು ಕಿವಿಯೊಂದರಿಂದಲೇ ನಿರ್ಧರಿಸಲು ಹೊರಟವರು ಮೋಸಹೋಗುವುದೇ ಹೆಚ್ಚು. ಉಕ್ಕಿನ ಮೈಯಲ್ಲಿ ಸದ್ದು ಹರಿದಾಡುತ್ತದೆ. ಮುಂದೆ ಹುಟ್ಟಿದ್ದು ಹಿಂದಿನ ಸೀಟಿನಡಿ ಕೇಳಿಸಬಹುದು. ಆದರೆ ಅದು ಬರುವ ಸಮಯ ಅಷ್ಟು ಸುಲಭವಾಗಿ ಸುಳ್ಳು ಹೇಳದು. ಕಾರು ನಿಂತಿರುವಾಗಲೂ ಕೂಗುವುದಾದರೆ, ಎಂಜಿನ್ನಿನ ವೇಗದೊಡನೆ ಏರಿಳಿಯುವುದಾದರೆ, ತಪ್ಪು ಎಂಜಿನ್ನಿನ ಆಸುಪಾಸಿನಲ್ಲಿದೆ. ಗೇರು ತಪ್ಪಿಸಿ ಕಾರನ್ನು ಕ್ಷಣಕಾಲ ತಾನಾಗಿ ಉರುಳಗೊಟ್ಟಾಗಲೂ ಮುಂದುವರಿಯುವುದಾದರೆ ಗಾಲಿಗಳ ಕಡೆಗೆ ನೋಡಬೇಕು.

ಯಜಮಾನರ ಮುಂಜಾವಿನ ದನಿ ಮೊದಲನೆಯ ಜಾತಿಯದು. ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರಿನ ಹಳೆಯ ಎಂಜಿನ್ನಿನ ಮುಂಭಾಗದಲ್ಲಿ ಒಂದೇ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಕಾರನ್ನು ಚಾಲೂ ಮಾಡುವಾಗ ಬ್ಯಾಟರಿ ಸೊರಗುತ್ತದೆ; ಅದನ್ನು ತುಂಬಿಕೊಡಲು ಡೈನಮೋ ಹೆಚ್ಚು ದುಡಿಯಬೇಕು. ಇಬ್ಬನಿಯಿಂದ ತೇವಗೊಂಡು, ಚಳಿಗೆ ಬಿರುಸಾದ ಬೆಲ್ಟು ಸಡಿಲವೂ ಆಗಿದ್ದರೆ ರಾಟೆಯ ಮೇಲೆ ಜಾರಿ ಕೂಗಿಕೊಳ್ಳುತ್ತದೆ. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಒಳಮೈಗೆ ದೂರದಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ ದನಿ ಬದಲಾಗುತ್ತದೆಯೇ ನೋಡಬೇಕು. ಬದಲಾದರೆ ಕಳ್ಳ ಸಿಕ್ಕಂತೆ. (ಈ ಪರೀಕ್ಷೆಯನ್ನು ಸೀರೆಯ ಸೆರಗು, ಸಡಿಲ ತೋಳಿನ ಅಂಗಿ, ಕೊರಳ ಸರ ಇವು ಯಾವುವೂ ಜೋಲಾಡದಂತೆ ಬಿಗಿಮಾಡಿಕೊಂಡವರು ಮಾತ್ರ ನಡೆಸಬೇಕು.) ಎಂಜಿನ್ ನಿಲ್ಲಿಸಿದ ಬಳಿಕ ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಯಜಮಾನರ ಬೆಲ್ಟು ಒಂದೂವರೆ ಅಂಗುಲ ಬಗ್ಗಿತು.

ಸಾಬೂನಿನ ಚಿಕಿತ್ಸೆ ಅಪಾಯಕರವಾದದ್ದು ಇಲ್ಲಿಯೇ. ಅದು ದನಿಯನ್ನು ಅಡಗಿಸುತ್ತದೆ, ಜಾರುವಿಕೆಯನ್ನಲ್ಲ. ಅದೇ ಬೆಲ್ಟು ಘಟ್ಟವೇರುವಾಗ ಹರಿದಿದ್ದರೆ ನೀರಿನ ಪಂಪು ನಿಂತು, ರೇಡಿಯೇಟರ್ ಕುದಿದು, ಮಕ್ಕಳು ಮರಿಯೊಡನೆ ತಿರುವಿನಲ್ಲಿ ಕುಳಿತಿರಬೇಕಾಗುತ್ತಿತ್ತು. ಹಾಗೆಂದು ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿಯುವುದೂ ಸಲ್ಲದು. ಪಂಪಿನ ಮತ್ತು ಡೈನಮೋದ ಬೇರಿಂಗುಗಳು ಬೇಗನೆ ಸವೆದು, ಹೊಸದೊಂದು ದನಿ ಹುಟ್ಟುತ್ತದೆ. ಬೆಲ್ಟಿನ ಒಳಮೈ ಬಿರುಕು ಬಿಟ್ಟಿದ್ದರೆ, ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಬದಲಾಯಿಸುವುದೇ ಸರಿ. ಯಜಮಾನರು ಹೊಸದನ್ನೇ ಹಾಕಿಸಿದರು. ಮುಂಜಾವಿನ ಕೂಗು ನಿಂತಿತು.

ಆದರೆ ಬೀದಿಗಿಳಿದ ಮೇಲೆ ಇನ್ನೊಂದು ದನಿ ಕೇಳಿಸಿತು. ಮೊದಲಿನದರ ಗದ್ದಲದಲ್ಲಿ ಇದು ಇಷ್ಟು ದಿನ ಮುಚ್ಚಿಹೋಗಿತ್ತು. ತೆಳ್ಳಗೆ, ಹಕ್ಕಿಯ ಚಿಲಿಪಿಲಿಯಂತೆ. ಕಾರು ಓಡುವಾಗ ಮಾತ್ರ.

ಬ್ರೇಕಿನ ಮೇಲೆ ಸಂಶಯ ಬಂದದ್ದು ಸಹಜ. ಸಂಶಯಪಡುವುದು ಒಳ್ಳೆಯದು ಕೂಡ. ಬ್ರೇಕಿನ ಪಟ್ಟಿ ಸವೆದುಹೋದರೆ ಅದರ ರಿವೆಟ್ಟುಗಳೇ ಡ್ರಮ್ಮನ್ನು ಕೆರೆಯತೊಡಗುತ್ತವೆ. ಡಿಸ್ಕ್ ಬ್ರೇಕಿನ ಎಷ್ಟೋ ಕಾರುಗಳಲ್ಲಿ, ಪ್ಯಾಡು ಸವೆದೊಡನೆ ತಾಗಿ ಕೂಗಲೆಂದೇ ಚಿಕ್ಕದೊಂದು ಲೋಹದ ನಾಲಗೆಯನ್ನು ಇರಿಸಿರುತ್ತಾರೆ; ಅಲ್ಲಿ ಕೂಗು ರೋಗವಲ್ಲ, ಎಚ್ಚರಿಕೆಯ ಗಂಟೆ. ಯಜಮಾನರು ಬ್ರೇಕನ್ನು ಮೆಲ್ಲಗೆ ತುಳಿದು ನೋಡಿದರು. ದನಿ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಆದರೂ ಡ್ರಮ್ಮುಗಳನ್ನು ತೆಗೆಸಿ ನೋಡಿಸಿದರು; ಪಟ್ಟಿಗಳು ದಪ್ಪವಾಗಿಯೇ ಇದ್ದುವು. ಬಂಪರನ್ನು ಒತ್ತಿ ಕಾರನ್ನು ಕುಲುಕಿಸಿದರು. ಕಮಾನುಪಟ್ಟಿಗಳೂ ರಬ್ಬರು ಬುಷ್‌ಗಳೂ ಮೌನ. ಕ್ಲಚ್ಚನ್ನು ತುಳಿದಾಗಲೇ ಕೂಗುವುದಾಗಿದ್ದರೆ ಅದರ ಬೇರಿಂಗನ್ನು ದೂರಬಹುದಿತ್ತು, ಅದೂ ಅಲ್ಲ.

ಕೊನೆಗೆ ಕಂಡುಹಿಡಿದವಳು ಮುಂದಿನ ಸೀಟಿನಲ್ಲಿ ಕುಳಿತಿದ್ದ ಹತ್ತು ವರ್ಷದ ಮೊಮ್ಮಗಳು. "ತಾತಾ, ಅದು ಕೂಗಿದಾಗೆಲ್ಲ ಈ ಮುಳ್ಳು ನಡುಗುತ್ತದೆ" ಎಂದಳು.

ವೇಗಮಾಪಕದ ಮುಳ್ಳನ್ನು ಆಡಿಸುವುದು ಗೇರುಪೆಟ್ಟಿಗೆಯಿಂದ ಬರುವ ಒಂದು ಕೇಬಲ್. ಕೊಳವೆಯೊಳಗೆ ಸದಾ ತಿರುಗುವ ಉಕ್ಕಿನ ಹುರಿ. ಅದರ ಗ್ರೀಸು ಒಣಗಿದರೆ ಹುರಿ ತಡೆತಡೆದು ತಿರುಗುತ್ತದೆ, ಮುಳ್ಳು ಕುಣಿಯುತ್ತದೆ, ಕೀರಲು ದನಿ ಡ್ಯಾಷ್‌ಬೋರ್ಡಿನ ಹಿಂದೆ ಹುಟ್ಟಿ ಕಾರನ್ನೆಲ್ಲ ತುಂಬುತ್ತದೆ. ಕೇಬಲನ್ನು ಕಳಚಿ ಕಾರು ಓಡಿಸಿದಾಗ ದನಿಯಿರಲಿಲ್ಲ. ಹುರಿಯನ್ನು ಎಳೆದು ಒರಸಿ, ತೆಳುವಾಗಿ ಗ್ರೀಸು ಸವರಿ, ಅದು ಮಾಪಕದೊಳಗೆ ಏರದಂತೆ ಮೇಲ್ತುದಿಯ ಕೆಲವು ಅಂಗುಲ ಹಾಗೆಯೇ ಬಿಟ್ಟು, ಮತ್ತೆ ಸೇರಿಸಲು ಒಂದು ಗಂಟೆಯೂ ಹಿಡಿಯಲಿಲ್ಲ.

ಆ ಸಂಜೆ ತಾತ ಮೊಮ್ಮಗಳು ಲಾಲ್‌ಬಾಗಿನವರೆಗೆ ಹೋಗಿಬಂದರು. ಹಿಂದಿನ ಬಾಗಿಲು ಗಡಗಡಿಸಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಂಬಾಸಡರ್ ಕಾರಿನಲ್ಲಿ ಅದನ್ನು ದೋಷವೆಂದು ಎಣಿಸುವ ವಾಡಿಕೆಯಿಲ್ಲ.