ಹಣೆಪಟ್ಟಿ ಮತ್ತು ದಾಖಲೆ

ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ನೌಕರಿಯಲ್ಲಿ ಕಳೆದ ನನ್ನಂಥವನಿಗೆ ಕಡತವೆಂದರೆ ದಾರ ಕಟ್ಟಿದ ಕಾಗದದ ಕಟ್ಟು. ಆ ಪದದ ಹಳೆಯ ಅರ್ಥ ಬೇರೆ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವೇ ನಮ್ಮ ನಾಡಿನ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿ ಒದಗುತ್ತಿವೆ. ಆದರೆ ಆ ಪುಸ್ತಕಕ್ಕೊಂದು ದೌರ್ಬಲ್ಯವಿತ್ತು. ಬರೆದದ್ದನ್ನು ಒರೆಸಿ, ಅದೇ ಜಾಗದಲ್ಲಿ ಬೇರೊಂದನ್ನು ಬರೆಯಬಹುದಿತ್ತು. ದಾಖಲೆಯ ಬೆಲೆ ಬರೆದವನ ಪ್ರಾಮಾಣಿಕತೆಯನ್ನೇ ಪೂರ್ತಿಯಾಗಿ ಅವಲಂಬಿಸಿತ್ತು.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ ನಡೆದ ಸಂಗತಿ ಈ ದೌರ್ಬಲ್ಯ ಕಂಪ್ಯೂಟರಿನ ಕಾಲದಲ್ಲೂ ಹಾಗೆಯೇ ಉಳಿದಿದೆ ಎಂಬುದನ್ನು ನನಗೆ ಕಲಿಸಿತು. ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಇಟ್ಟಿದ್ದ ಹಳೆಯ ಆದೇಶವೊಂದರ ಜಾಗದಲ್ಲಿ ತಿದ್ದಿದ ಬೇರೊಂದು ಪ್ರತಿ ಬಂದು ಕೂತಿತ್ತು. ಯಾರು ಬದಲಿಸಿದರು? ಸರ್ವರಿನ ದಾಖಲೆಯಲ್ಲಿ ಹೊತ್ತು ಸಿಕ್ಕಿತು, ಹೆಸರೂ ಸಿಕ್ಕಿತು. ಆದರೆ ಆ ಹೆಸರು ‘ರೂಟ್’, ಅಂದರೆ ಯಂತ್ರದ ಸರ್ವಾಧಿಕಾರಿ. ಅದರ ಗುಪ್ತಪದ ಐದಾರು ಜನರಿಗೆ ತಿಳಿದಿತ್ತು. ಆ ಐದಾರು ಜನರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದವಳು ಒಬ್ಬಳೇ, ಸ್ಕ್ಯಾನಿಂಗ್ ವಿಭಾಗದ ಹುಡುಗಿ. ಅನುಮಾನ ಯಾರ ಮೇಲೆ ಇಳಿಯಿತೆಂದು ಬಿಡಿಸಿ ಹೇಳಬೇಕಿಲ್ಲ. ಅವಳ ವಿರುದ್ಧ ಪುರಾವೆ ಇರಲಿಲ್ಲ, ಪರವಾಗಿಯೂ ಇರಲಿಲ್ಲ. ಗುತ್ತಿಗೆ ನವೀಕರಣವಾಗಲಿಲ್ಲ. ‘ಹೊಣೆ ನಿಗದಿಪಡಿಸಲು ಸಾಧ್ಯವಾಗಿಲ್ಲ’ ಎಂಬ ಟಿಪ್ಪಣಿಯನ್ನು ಸೊಗಸಾದ ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನು. ಅದರ ಕೆಳಗೆ ನನ್ನ ಸಹಿಯೂ ಇದೆ.

ಆ ನಂತರ, ತಪ್ಪಿತಸ್ಥ ಭಾವದಿಂದಲೇ ಇರಬೇಕು, ಇಂಥ ಯಂತ್ರದೊಳಗೆ ನಿಜಕ್ಕೂ ಏನು ನಡೆಯುತ್ತದೆಂದು ಓದತೊಡಗಿದೆ. ಇಂಗ್ಲಿಷ್ ಸಾಹಿತ್ಯ ಓದಿದವನಿಗೆ ಅದು ಪರಿಚಿತ ದಾರಿಯಲ್ಲ. ಆದರೂ ಅಲ್ಲಿ ಕಂಡ ಪ್ರಶ್ನೆಗಳು ನಮ್ಮ ಕಡತಕೋಣೆಯವೇ ಆಗಿದ್ದವು.

ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಾವ ಕಾರ್ಯಕ್ರಮ ಯಾವ ಫೈಲನ್ನು ತೆರೆಯಬೇಕಾದರೂ ಈ ಬಾಗಿಲಿನಿಂದಲೇ ಹಾದು ಹೋಗಬೇಕು. ಹಳೆಯ ಪದ್ಧತಿಯಲ್ಲಿ ಅನುಮತಿ ಕೊಡುವವನು ಫೈಲಿನ ಒಡೆಯ; ರೂಟ್‌ಗೆ ಎಲ್ಲವೂ ತೆರೆದ ಬಾಗಿಲು. ಹಣೆಪಟ್ಟಿಯ ಪದ್ಧತಿ ಇದಕ್ಕಿಂತ ಬೇರೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಅಂದರೆ ಎನ್‌ಎಸ್‌ಎ, 2000ದ ಡಿಸೆಂಬರಿನಲ್ಲಿ ಬಹಿರಂಗಪಡಿಸಿದ ಎಸ್‌ಇಲಿನಕ್ಸ್‌ನಲ್ಲಿ ಪ್ರತಿಯೊಂದು ಫೈಲಿಗೂ, ಓಡುತ್ತಿರುವ ಪ್ರತಿಯೊಂದು ಕಾರ್ಯಕ್ರಮಕ್ಕೂ ಒಂದೊಂದು ಪಟ್ಟಿ ಅಂಟಿರುತ್ತದೆ. ಇಂಥ ಪಟ್ಟಿಯ ಕಾರ್ಯಕ್ರಮ ಇಂಥ ಪಟ್ಟಿಯ ಫೈಲನ್ನು ಮುಟ್ಟಬಹುದು ಎಂಬ ನಿಯಮ ಮೊದಲೇ ಬರೆದಿದ್ದರೆ ಮಾತ್ರ ಕರ್ನಲ್ ಬಿಡುತ್ತದೆ. ಜಾಲತಾಣ ನಡೆಸುವ ಕಾರ್ಯಕ್ರಮ ರೂಟ್‌ನ ಅಧಿಕಾರದಿಂದಲೇ ಓಡುತ್ತಿದ್ದರೂ, ಗುಪ್ತಪದಗಳ ಫೈಲನ್ನು ಓದಲು ನಿಯಮವಿಲ್ಲದಿದ್ದರೆ ಓದಲಾಗದು. ಇಲ್ಲಿ ದೊಡ್ಡ ಹೆಸರಿಗೆ ಬೆಲೆಯಿಲ್ಲ, ವಹಿಸಿದ ಕೆಲಸಕ್ಕೆ ಮಾತ್ರ ಬೆಲೆ.

ತಡೆದದ್ದನ್ನು ಬರೆದಿಡಲು ಇನ್ನೊಂದು ಅಂಗವಿದೆ, ಆಡಿಟ್. ಈ ಇಂಗ್ಲಿಷ್ ಪದದ ಮೂಲ ‘ಕೇಳು’ ಎಂಬರ್ಥದ ಲ್ಯಾಟಿನ್ ಧಾತು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳುತ್ತಿದ್ದರು. ಲಿನಕ್ಸ್ ಕರ್ನಲ್‌ನ ಆಡಿಟ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಖ್ಯೆ, ಲಾಗಿನ್ ಯುಐಡಿ. ನೀವು ನಿಮ್ಮ ಹೆಸರಿನಲ್ಲಿ ಯಂತ್ರದೊಳಗೆ ಬಂದಾಗ ಅದು ನಿಮಗೆ ಅಂಟುತ್ತದೆ. ಆಮೇಲೆ ನೀವು ರೂಟ್‌ನ ವೇಷ ತೊಟ್ಟರೂ ಅದು ಬದಲಾಗುವುದಿಲ್ಲ. ನೀವು ಹುಟ್ಟಿಸಿದ ಪ್ರತಿಯೊಂದು ಕಾರ್ಯಕ್ರಮಕ್ಕೂ ವಂಶನಾಮದಂತೆ ಸಾಗುತ್ತದೆ. ‘ಇದನ್ನು ಮಾಡಿದ್ದು ರೂಟ್, ಆದರೆ ರೂಟ್ ಆಗಿದ್ದವನು ಇಂಥವನು’ ಎಂದು ದಾಖಲೆ ಹೇಳಬಲ್ಲದು.

ನಮ್ಮ ಕಚೇರಿಯಲ್ಲಿ ಈ ಎರಡೂ ಅಂಗಗಳಿದ್ದವು, ಎರಡೂ ಸತ್ತಿದ್ದವು. ಎಲ್ಲರೂ ನೇರವಾಗಿ ರೂಟ್ ಆಗಿಯೇ ಒಳಗೆ ಬರುತ್ತಿದ್ದುದರಿಂದ ಆ ಸಂಖ್ಯೆಗೆ ಹೇಳಲು ಏನೂ ಇರಲಿಲ್ಲ. ಹಣೆಪಟ್ಟಿಗಳ ಕಥೆ ಇನ್ನೂ ಸರಳ. ಯಾವುದೋ ತಂತ್ರಾಂಶ ಕೂರಿಸುವಾಗ ‘ಅನುಮತಿ ನಿರಾಕರಿಸಲಾಗಿದೆ’ ಎಂಬ ಸಾಲು ಕಂಡದ್ದೇ ತಡ, ಬಂದಿದ್ದ ತಂತ್ರಜ್ಞರು ಎಸ್‌ಇಲಿನಕ್ಸನ್ನೇ ಆರಿಸಿ ಹೋಗಿದ್ದರು. ಕೆಲಸ ನಡೆಯಿತು, ಬಿಲ್ಲು ಪಾಸಾಯಿತು. ಹಾಗೆ ಆರಿಸುವುದು ಒಂದು ಸಾಲಿನ ಕೆಲಸ. ಆದರೆ ಆರಿಸಿದ್ದಾಗ ಹುಟ್ಟಿದ ಫೈಲುಗಳಿಗೆ ಪಟ್ಟಿಯೇ ಇರುವುದಿಲ್ಲ. ಮತ್ತೆ ಹೊತ್ತಿಸಬೇಕಾದರೆ ಇಡೀ ಡಿಸ್ಕಿಗೆ ಹೊಸದಾಗಿ ಪಟ್ಟಿ ಅಂಟಿಸಬೇಕು. ಅದಕ್ಕೆ ಯಾರಿಗೂ ಪುರುಸೊತ್ತು ಇರಲಿಲ್ಲ.

ನಾವು ಆಡಿಟ್ ಎಂದೊಡನೆ ಬೆದರುತ್ತೇವೆ. ತಪ್ಪು ಹುಡುಕುವ ಕಣ್ಣು, ಮೇಲಿನವರ ಕೈಯ ಕೋಲು ಎಂದುಕೊಳ್ಳುತ್ತೇವೆ. ನನ್ನ ಅನುಭವ ಅದಕ್ಕೆ ವಿರುದ್ಧವಾಗಿದೆ. ದಾಖಲೆ ಇಲ್ಲದ ಕಡೆ ದೊಡ್ಡವರಿಗೆ ತೊಂದರೆಯಾಗುವುದಿಲ್ಲ. ಅವರಿಗೆ ಹುದ್ದೆಯಿದೆ, ಪರಿಚಯವಿದೆ, ಮಾತಿನ ಬಲವಿದೆ. ದಾಖಲೆ ಬೇಕಾಗಿರುವುದು ಸಾಲಿನ ಕೊನೆಯಲ್ಲಿ ನಿಂತವಳಿಗೆ. ‘ನಾನಲ್ಲ’ ಎಂಬ ಅವಳ ಮಾತಿಗೆ ಬೇರೆ ಸಾಕ್ಷಿ ಇರಲಿಲ್ಲ. ಆ ಒಂದು ಸಂಖ್ಯೆ ಸಾಕ್ಷಿ ನುಡಿಯುತ್ತಿತ್ತು. ಅಥವಾ ಅವಳೇ ಮಾಡಿದ್ದರೆ, ಅದನ್ನಾದರೂ ನ್ಯಾಯವಾಗಿ ಹೇಳುತ್ತಿತ್ತು.

1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಂಪ್ಯೂಟರ್ ಭದ್ರತಾ ಕೇಂದ್ರ ಹೊರತಂದ, ‘ಆರೆಂಜ್ ಬುಕ್’ ಎಂದೇ ಹೆಸರಾದ ಮಾನದಂಡದಲ್ಲಿ ಒಂದು ಅರ್ಥಪೂರ್ಣ ಕ್ರಮವಿದೆ. ಭದ್ರತೆಯ ಮೆಟ್ಟಿಲುಗಳಲ್ಲಿ ಆಡಿಟ್ ಕಡ್ಡಾಯವಾಗುವುದು ಸಿ2 ಎಂಬ ಕೆಳಗಿನ ಮೆಟ್ಟಿಲಿನಲ್ಲಿ. ಹಣೆಪಟ್ಟಿ ಕಡ್ಡಾಯವಾಗುವುದು ಅದರ ಮೇಲಿನ ಬಿ1ರಲ್ಲಿ. ಪಟ್ಟಿಯಿಲ್ಲದೆ ದಾಖಲೆ ಇರಬಹುದು, ದಾಖಲೆಯಿಲ್ಲದೆ ಪಟ್ಟಿ ಇರಕೂಡದು ಎಂಬುದು ನಾನು ಅದರಿಂದ ಗ್ರಹಿಸುವ ತತ್ತ್ವ. ನಮ್ಮ ಕಚೇರಿಗಳಲ್ಲಿ ಇದು ತಿರುವುಮುರುವು. ಲಕೋಟೆಯ ಮೇಲೆ ‘ಗೋಪ್ಯ’ ಎಂದು ಠಸ್ಸೆ ಒತ್ತಲು ಕೈ ಹಿಂಜರಿಯುವುದಿಲ್ಲ. ಅದನ್ನು ಯಾರು, ಯಾವಾಗ, ಏಕೆ ಒತ್ತಿದರು ಎಂಬುದನ್ನು ಬರೆದಿಡುವಾಗ ಮಾತ್ರ ಮಸಿ ಮುಗಿದಿರುತ್ತದೆ.

ಆಕ್ಷೇಪಗಳಿಲ್ಲವೆಂದಲ್ಲ. ಎಸ್‌ಇಲಿನಕ್ಸ್‌ನ ನಿಯಮಗಳನ್ನು ಬರೆಯುವುದು ಕಷ್ಟ. ಆರಿಸಿ ಹೋದ ಆ ತಂತ್ರಜ್ಞರಿಗೆ ಸಮಯವೂ ತರಬೇತಿಯೂ ಇರಲಿಲ್ಲ ಎಂಬುದು ನಿಜ. ಅದಕ್ಕೂ ಮಧ್ಯದ ದಾರಿಯೊಂದಿದೆ. ತಡೆಯದೆ, ‘ತಡೆಯಬೇಕಾಗಿತ್ತು’ ಎಂದು ಬರೆದಿಡುತ್ತ ಹೋಗುವ ಪರ್ಮಿಸಿವ್ ಸ್ಥಿತಿ. ಅದನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಜಗತ್ತಿನ ಮಾತುಗಳನ್ನು ಕದ್ದು ಕೇಳುವ ಸಂಸ್ಥೆಯೇ ಕಟ್ಟಿದ ಬೀಗವನ್ನು ನಂಬುವುದು ಹೇಗೆ? ಇಲ್ಲಿ ಲಿನಕ್ಸ್ ಬಳಗ ನಡೆದುಕೊಂಡ ರೀತಿ ಗಮನಾರ್ಹ. 2001ರಲ್ಲಿ ಎಸ್‌ಇಲಿನಕ್ಸನ್ನು ಕರ್ನಲ್ ಬರೆಯುವವರ ಸಭೆಯ ಮುಂದಿಟ್ಟಾಗ ಲೈನಸ್ ಟೋರ್ವಾಲ್ಡ್ಸ್ ಅದೊಂದನ್ನೇ ಒಪ್ಪಿಕೊಳ್ಳಲಿಲ್ಲ. ಯಾರು ಬೇಕಾದರೂ ತಮ್ಮ ಭದ್ರತಾ ಪದ್ಧತಿಯನ್ನು ಜೋಡಿಸಬಹುದಾದ ಸಾಮಾನ್ಯ ಚೌಕಟ್ಟು ಬೇಕೆಂದರು. ಹಾಗೆ ಹುಟ್ಟಿದ್ದು ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ಸ್ ಎಂಬ ಚೌಕಟ್ಟು. 2003ರ ಕೊನೆಗೆ ಬಂದ 2.6 ಆವೃತ್ತಿಯಲ್ಲಿ ಎಸ್‌ಇಲಿನಕ್ಸ್ ಅದರೊಳಗಿನ ಒಂದು ಭಾಗವಾಗಿ ಕೂತಿತು. 2008ರಲ್ಲಿ ಸ್ಮ್ಯಾಕ್, 2010ರಲ್ಲಿ ಆಪ್‌ಆರ್ಮರ್ ಅದೇ ಚಾವಡಿಗೆ ಬಂದವು. ಸಂಕೇತವೆಲ್ಲ ಬಹಿರಂಗ, ಓದಬಲ್ಲವರೆಲ್ಲ ಓದಬಹುದು. ಪಟ್ಟಿ ಅಂಟಿಸುವ ಅಧಿಕಾರವನ್ನು ಯಾವುದೇ ಒಂದು ಸಂಸ್ಥೆಗೆ ಗುತ್ತಿಗೆ ಕೊಡಬಾರದೆಂಬ ವಿವೇಕ ಅದು.

ಕೊನೆಗೆ ಉಳಿಯುವುದು ಕಡತದ ಹಳೆಯ ಪ್ರಶ್ನೆ: ಒರೆಸುವ ಬಟ್ಟೆ ಯಾರ ಕೈಯಲ್ಲಿದೆ? ಆಡಿಟ್‌ನ ದಾಖಲೆಯೂ ಒಂದು ಫೈಲೇ. ರೂಟ್ ಅದನ್ನು ಅಳಿಸಬಲ್ಲ. ಆದ್ದರಿಂದ ಅದನ್ನು ಬರೆದ ಕ್ಷಣವೇ ಬೇರೊಂದು ಯಂತ್ರಕ್ಕೆ, ಬೇರೊಬ್ಬರ ಸುಪರ್ದಿಗೆ ಕಳಿಸುವ ವ್ಯವಸ್ಥೆಯಿದೆ. ಮುಂದಿನ ಬೂಟ್‌ವರೆಗೆ ಆಡಿಟ್‌ನ ನಿಯಮಗಳನ್ನು ಯಾರೂ ಬದಲಿಸದಂತೆ ಬೀಗ ಹಾಕುವ ಆದೇಶವಿದೆ. ಕರ್ನಲ್‌ಗೆ ದಾಖಲೆ ಬರೆಯಲಾಗದಿದ್ದರೆ ಏನು ಮಾಡಬೇಕೆಂಬುದಕ್ಕೂ ಮೂರು ಆಯ್ಕೆಗಳಿವೆ: ಸುಮ್ಮನಿರುವುದು, ಎಚ್ಚರಿಕೆಯ ಸಾಲೊಂದನ್ನು ಬರೆದು ಮುಂದುವರಿಯುವುದು, ಇಲ್ಲವೇ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುವುದು. ಮೂರನೆಯದನ್ನು ಎಲ್ಲೆಡೆ ಆರಿಸಿಕೊಳ್ಳಲಾಗದು. ಆಸ್ಪತ್ರೆಯ ಯಂತ್ರ ಹಾಗೆ ನಿಲ್ಲುವಂತಿಲ್ಲ. ಆದರೆ ಜನರ ಹಕ್ಕುಗಳ ಕಾಗದ ಇರುವ ಕಡೆ, ಸಾಕ್ಷಿಯಿಲ್ಲದೆ ನಡೆಯುವ ಕೆಲಸಕ್ಕಿಂತ ಒಂದು ಗಂಟೆ ನಿಂತ ಕೆಲಸವೇ ಮೇಲು ಎಂದು ನಾನು ನಂಬಿದ್ದೇನೆ.

ಇವೆಲ್ಲ ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ಟಿಪ್ಪಣಿ ಬರೆಯುವ ನಾವು ತಿಳಿದಿದ್ದೇವೆ. ಹಾಗಲ್ಲ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ರೂಟ್‌ನ ಗುಪ್ತಪದ ಹಂಚಿಕೆಗೆ ನಿಷೇಧ, ದಾಖಲೆ ಬೇರೆಯವರ ಬಳಿ, ವಾರಕ್ಕೊಮ್ಮೆ ಅದನ್ನು ಓದುವ ಒಬ್ಬ ಮನುಷ್ಯ, ಹಣೆಪಟ್ಟಿಗಳನ್ನು ಆರಿಸಬೇಕಾದರೆ ಕಾರಣ ಬರೆದು ಸಹಿ. ಈ ಐದಕ್ಕೂ ಕಂಪ್ಯೂಟರ್ ವಿಜ್ಞಾನ ಬೇಕಿಲ್ಲ, ಆಡಳಿತದ ಆದೇಶ ಸಾಕು. ಮುಂದಿನ ಕಚೇರಿಗೆ ಹೋದಾಗ ಈ ಐದನ್ನೂ ಒಂದು ಪುಟದಲ್ಲಿ ಬರೆದು ಮೇಲಕ್ಕೆ ಕಳಿಸಿದೆ. ಮೂರಕ್ಕೆ ಒಪ್ಪಿಗೆ ಬಂತು. ಉಳಿದೆರಡಕ್ಕೆ ಇನ್ನೂ ನೆನಪಿನೋಲೆ ಬರೆಯುತ್ತಿದ್ದೇನೆ. ಆ ಹುಡುಗಿಗೆ ಇದರಿಂದ ಏನೂ ಮರಳಿ ಸಿಗುವುದಿಲ್ಲವೆಂದು ಗೊತ್ತು; ಅವಳ ಜಾಗದಲ್ಲಿ ಈಗ ಕೂತಿರುವವರಿಗಾದರೂ ಸಿಗಲಿ.